ಲಾರಿ ಆಟ ಕಲಿಯುವವರ ಕಣ್ಣು ಟ್ರೇಲರ್ ಮೇಲಿರಲಿ

ಸಂಪಾದಕರಿಗೆ,

ಮಾನ್ಯರೇ,

ವಿಡಿಯೊ ಗೇಮ್‌ಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳು ಹೆಚ್ಚಾಗಿ ಚಿತ್ರದ ಅಂದ, ಬೆಲೆ, ಯಾವ ಕಂಪ್ಯೂಟರ್ ಬೇಕು ಎಂಬಲ್ಲಿಗೇ ನಿಂತುಬಿಡುತ್ತವೆ. ಲಾರಿ ಓಡಿಸುವ ಆಟಗಳ ಮಟ್ಟಿಗೆ ಅಷ್ಟು ಸಾಲದು. ಜೆಕ್ ದೇಶದ ಎಸ್‌ಸಿಎಸ್ ಸಾಫ್ಟ್‌ವೇರ್ 2012ರಲ್ಲಿ ಹೊರತಂದ ‘ಯುರೋ ಟ್ರಕ್ ಸಿಮ್ಯುಲೇಟರ್ 2’ ಆಟವನ್ನೇ ತೆಗೆದುಕೊಳ್ಳಿ. ಕಾರ್ ರೇಸ್ ಆಡಿ ಬಂದವರು ಇದನ್ನೂ ಹಾಗೇ ಆಡಲು ಹೋಗಿ, ಎರಡು ತಿರುವುಗಳಲ್ಲಿ ಕಂಬಕ್ಕೆ ಗುದ್ದಿ, ರಿವರ್ಸ್‌ನಲ್ಲಿ ಸಿಕ್ಕಿಬಿದ್ದು ಕೈಬಿಡುತ್ತಾರೆ. ಅವರು ಓಡಿಸುವುದು ಮುಂದಿನ ಕ್ಯಾಬಿನ್ನನ್ನು. ಆಟ ಲೆಕ್ಕ ಇಡುವುದು ಹಿಂದೆ ಕಟ್ಟಿದ, ಸರಕು ತುಂಬುವ ಟ್ರೇಲರಿನದನ್ನು. ಕೀಲಿಗಳ ಪಟ್ಟಿಯನ್ನು ಯಾರು ಬೇಕಾದರೂ ಬಾಯಿಪಾಠ ಮಾಡಬಹುದು, ಈ ಒಂದು ವಿಷಯ ಮಾತ್ರ ಬಿಡಿಸಿ ಹೇಳದಿದ್ದರೆ ಹೊಳೆಯುವುದಿಲ್ಲ. ಅದಕ್ಕಾಗಿ ಈ ಪತ್ರ.

ಯುರೋಪಿನಲ್ಲಿ ಸಾಮಾನ್ಯ ಟ್ರೇಲರ್ ಲಾರಿಯ ಉದ್ದ 16.5 ಮೀಟರ್, ತೂಕದ ಮಿತಿ ಹೆಚ್ಚಿನ ಕಡೆ 40 ಟನ್. ಟ್ರೇಲರ್ ಒಂದೇ 13.6 ಮೀಟರ್. ಅದು ತಿರುಗುವುದು ತನ್ನ ಹಿಂದಿನ ಮೂರು ಆಕ್ಸಲ್‌ಗಳಲ್ಲಿ (ಚಕ್ರದ ಅಚ್ಚುಗಳಲ್ಲಿ) ನಡುವಿನದರ ಸುತ್ತ. ಹಾಗಾಗಿ ಕ್ಯಾಬಿನ್ ಹೋದ ಜಾಡಿನಲ್ಲಿ ಟ್ರೇಲರಿನ ಚಕ್ರ ಎಂದೂ ಬರುವುದಿಲ್ಲ, ತಿರುವಿನ ಒಳಬದಿಗೆ ಸರಿದೇ ಬರುತ್ತದೆ. ಬಲಬದಿಯ ಸಂಚಾರವಿರುವ ದೇಶಗಳಲ್ಲಿ ಬಲತಿರುವು ಕಿರಿದು. ಅಲ್ಲಿ ಕಾರಿನಂತೆ ಮೂಲೆ ಬಂದೊಡನೆ ಸ್ಟೇರಿಂಗ್ ತಿರುಗಿಸಿದರೆ ಟ್ರೇಲರ್ ಫುಟ್‌ಪಾತ್ ಹತ್ತುತ್ತದೆ, ಸಿಗ್ನಲ್ ಕಂಬವನ್ನು ಸವರುತ್ತದೆ. ಮೂಲೆಯನ್ನು ದಾಟಿ ಕ್ಯಾಬಿನ್ ಚೆನ್ನಾಗಿ ಮುಂದಕ್ಕೆ ಹೋಗುವವರೆಗೂ ನೇರವಾಗಿ ನಡೆಸಿ, ಆಮೇಲೆ ಒಮ್ಮೆಗೇ ಬಿಗಿಯಾಗಿ ತಿರುಗಿಸಬೇಕು. ತಿರುಗುವಾಗ ನೋಟ ಒಳಬದಿಯ ಕನ್ನಡಿಯಲ್ಲಿ, ಟ್ರೇಲರಿನ ಕೊನೆಯ ಚಕ್ರದ ಮೇಲೆ ಇರಬೇಕು. ಆ ಚಕ್ರ ಮೂಲೆ ದಾಟಿದ ಮೇಲೆಯೇ ಸ್ಟೇರಿಂಗ್ ಸಡಿಲಿಸುವುದು. ಆಕ್ಸಲ್‌ಗಳಿಗಿಂತ ಹಿಂದಕ್ಕೆ ಚಾಚಿದ ಭಾಗ ಇದೇ ಹೊತ್ತಿಗೆ ಹೊರಬದಿಗೆ ಬೀಸುತ್ತದೆ ಎಂಬುದನ್ನು ಮರೆತವರು ಪಕ್ಕದ ಸಾಲಿನ ವಾಹನಕ್ಕೆ ತಾಗಿಸಿ ದಂಡ ಕಟ್ಟುತ್ತಾರೆ.

ಇದೆಲ್ಲ ಸಾಧ್ಯವಾಗಲು ಕನ್ನಡಿ ಸರಿಯಾಗಿ ಕಾಣಬೇಕು. ಎಫ್4 ಒತ್ತಿದರೆ ಸೀಟು, ಕನ್ನಡಿಗಳನ್ನು ಹೊಂದಿಸುವ ಕಿಟಕಿ ತೆರೆಯುತ್ತದೆ. ಟ್ರೇಲರಿನ ಅಂಚು ಕನ್ನಡಿಯ ಒಳಗಿನ ಅಂಚಿನಲ್ಲಿ ತೆಳ್ಳಗೆ ಕಾಣುವಂತೆ, ಉಳಿದ ಜಾಗದಲ್ಲಿ ರಸ್ತೆ ಕಾಣುವಂತೆ ಇಟ್ಟುಕೊಳ್ಳಿ. ಕೀಬೋರ್ಡ್‌ನಲ್ಲಿ ಆಡುವವರು ಸ್ಟೇರಿಂಗ್ ಸೂಕ್ಷ್ಮತೆಯನ್ನು ಇಳಿಸಿಕೊಂಡರೆ ಹೆದ್ದಾರಿಯಲ್ಲಿ ಗಾಡಿ ಹಾವಿನಂತೆ ಹೊರಳುವುದು ನಿಲ್ಲುತ್ತದೆ. ಸ್ಟೇರಿಂಗ್ ಚಕ್ರ ಇರುವವರು 900 ಡಿಗ್ರಿ ತಿರುಗುವಂತೆ ಇಟ್ಟುಕೊಳ್ಳಲಿ. 270ಕ್ಕೆ ಇಟ್ಟರೆ ಕೈಯ ಸಣ್ಣ ಅಲುಗಾಟವೂ ಟ್ರೇಲರಿಗೆ ದೊಡ್ಡ ಎಳೆತವಾಗುತ್ತದೆ. ಸೆಟ್ಟಿಂಗ್‌ನಲ್ಲಿ ಟ್ರೇಲರಿನ ಸ್ಥಿರತೆ ಏರಿಸುವ ಪಟ್ಟಿಯೂ ಒಂದಿದೆ. ಮೊದಲ ದಿನಗಳಿಗೆ ಅದು ಇರಲಿ, ಆದರೆ ತುಂಬ ಕಾಲ ಏರಿಸಿಯೇ ಇಟ್ಟುಕೊಂಡವರಿಗೆ ತಮ್ಮ ತಪ್ಪು ತಮಗೆ ತಿಳಿಯುವುದಿಲ್ಲ.

ಇನ್ನು ವೇಗ. ಈ ಆಟದ ನಕ್ಷೆ ನಿಜವಾದ ಯುರೋಪಿನ 19ರಲ್ಲಿ ಒಂದು ಪಾಲಿಗೆ ಕುಗ್ಗಿದ್ದು. ಆದರೆ ಲಾರಿಯ ತೂಕವಾಗಲಿ, ಬ್ರೇಕ್ ಹಿಡಿಯುವ ದೂರವಾಗಲಿ ಕುಗ್ಗಿಲ್ಲ. ಹೆದ್ದಾರಿಯಿಂದ ಹೊರಬೀಳುವ ದಾರಿಗಳು ತಟ್ಟನೆ ಎದುರಾಗಿಬಿಡುವುದೂ, ಅವುಗಳ ತಿರುವು ನಾವು ನೆನೆದದ್ದಕ್ಕಿಂತ ಬಿಗಿಯಾಗಿರುವುದೂ ಇದರಿಂದಲೇ. ಗಂಟೆಗೆ 90 ಕಿ.ಮೀ. ಎಂದರೆ ಸೆಕೆಂಡಿಗೆ 25 ಮೀಟರ್. ನಕ್ಷೆಯತ್ತ ಎರಡು ಸೆಕೆಂಡು ಕಣ್ಣು ಹಾಯಿಸಿದರೆ 50 ಮೀಟರ್ ಹೋಗಿರುತ್ತದೆ. 80ರಿಂದ 90ಕ್ಕೆ ಏರಿಸಿದಾಗ ಬ್ರೇಕ್ ಕರಗಿಸಬೇಕಾದ ಶಕ್ತಿ ಕಾಲು ಭಾಗಕ್ಕೂ ಹೆಚ್ಚು ಏರುತ್ತದೆ. ತಿರುವಿನಲ್ಲಿ ಇನ್ನೂ ಕಷ್ಟ: 40ರ ಬದಲು 60ರಲ್ಲಿ ಹೋದರೆ ಪಕ್ಕಕ್ಕೆ ತಳ್ಳುವ ಬಲ ಎರಡೂಕಾಲು ಪಟ್ಟು. ಎತ್ತರದ ಲೋಡು ಇದ್ದರೆ ಲಾರಿ ಮಗುಚುತ್ತದೆ. ಬ್ರೇಕ್ ಹಾಕುವುದೆಲ್ಲ ತಿರುವಿಗೆ ಮೊದಲು, ನೇರ ದಾರಿಯಲ್ಲೇ ಮುಗಿಯಬೇಕು. ತಿರುವಿನ ಒಳಗೆ ಜೋರಾಗಿ ಬ್ರೇಕ್ ತುಳಿದರೆ ಟ್ರೇಲರ್ ಹಿಂದಿನಿಂದ ಕ್ಯಾಬಿನ್ನನ್ನು ತಳ್ಳಿ ಮಡಚಿಹಾಕುತ್ತದೆ.

ಬೆಟ್ಟದ ಇಳಿಜಾರಿನ ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡಬೇಕು, ಏಕೆಂದರೆ ಆಟದ ನಿಜವಾದ ಸೊಗಸು ಅಲ್ಲಿದೆ. ಲಾರಿಯ ಬ್ರೇಕ್ ಗಾಳಿಯದು. ಏರ್ ಬ್ರೇಕಿನ ನೈಜ ಆಯ್ಕೆಯನ್ನು ಸೆಟ್ಟಿಂಗ್‌ನಲ್ಲಿ ಹಾಕಿಕೊಂಡರೆ, ಪ್ರತಿ ಬಾರಿ ಪೆಡಲ್ ಒತ್ತಿದಾಗಲೂ ಟ್ಯಾಂಕಿನ ಗಾಳಿ ಖರ್ಚಾಗುತ್ತದೆ. ಎಂಜಿನ್ ಓಡುತ್ತಿರುವಾಗ ಕಂಪ್ರೆಸರ್ ಅದನ್ನು ಮತ್ತೆ ತುಂಬುತ್ತದೆ, ಆದರೆ ತುಂಬಲು ಹೊತ್ತು ಬೇಕು. ಇಳಿಜಾರಿನಲ್ಲಿ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡುವವರಿಗೆ ಮೊದಲು ಎಚ್ಚರಿಕೆಯ ದೀಪ ಕಾಣುತ್ತದೆ, ಆಮೇಲೆ ಲಾರಿ ತಾನಾಗಿಯೇ ನಿಂತು ಕಚ್ಚಿಕೊಳ್ಳುತ್ತದೆ. ಇದು ಆಟದ ದೋಷವಲ್ಲ. ಹ್ಯಾಂಡ್‌ಬ್ರೇಕಿನ ಸ್ಪ್ರಿಂಗನ್ನು ಬಿಡಿಸಿ ಹಿಡಿದಿರುವುದೇ ಗಾಳಿಯ ಒತ್ತಡ. ಅದು ಇಳಿದರೆ ಸ್ಪ್ರಿಂಗ್ ಬ್ರೇಕನ್ನು ಬಿಗಿಯುತ್ತದೆ. ನಿಜವಾದ ಲಾರಿಯಲ್ಲೂ ಹೀಗೇ.

ಆದ್ದರಿಂದ ಇಳಿಯುವುದಕ್ಕೆ, ಗಾಳಿಯ ಬ್ರೇಕ್ ಮುಟ್ಟದೆ ಗಾಡಿಯ ವೇಗ ತಗ್ಗಿಸುವ ಎಂಜಿನ್ ಬ್ರೇಕ್ ಮತ್ತು ರಿಟಾರ್ಡರ್ ಬಳಸಬೇಕು. ಎರಡೂ ಒಂದೇ ಎಂದು ತಿಳಿದವರು ಬಹಳ. ಎಂಜಿನ್ ಬ್ರೇಕ್, ಅಂದರೆ ಕೀಬೋರ್ಡಿನ ‘ಬಿ’, ಎಂಜಿನ್ ವೇಗವಾಗಿ ತಿರುಗುವಾಗ ಮಾತ್ರ ಬಲವಾಗಿ ಹಿಡಿಯುತ್ತದೆ. ಮೇಲಿನ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 1100 ಸುತ್ತಿಗೆ ಇಳಿದಿದ್ದರೆ ಒತ್ತಿಯೂ ಪ್ರಯೋಜನ ಕಡಿಮೆ. ಇಳಿಜಾರು ಶುರುವಾಗುವ ಮೊದಲೇ ಎರಡು ಗೇರ್ ಇಳಿಸಿ, ಸುತ್ತನ್ನು 2000ದ ಆಸುಪಾಸಿಗೆ ತಂದುಕೊಳ್ಳಬೇಕು. ರಿಟಾರ್ಡರ್ ಇರುವುದು ಗೇರ್‌ಬಾಕ್ಸಿನ ಹೊರಬದಿಯಲ್ಲಿ, ಚಕ್ರಗಳಿಗೆ ಹೋಗುವ ಶಾಫ್ಟಿನ ಮೇಲೆ. ಅದಕ್ಕೆ ಗೇರಿನ ಹಂಗಿಲ್ಲ, ಗಾಡಿಯ ವೇಗ ಇದ್ದರೆ ಸಾಕು. ಹಂತಹಂತವಾಗಿ ಏರಿಸಬಹುದು. ಆದರೆ ಅದು ಹಿಡಿಯುವುದು ಎಂಜಿನ್ ಎಳೆಯುವ ಚಕ್ರಗಳನ್ನು ಮಾತ್ರ, ಟ್ರೇಲರಿನದನ್ನಲ್ಲ. ಮಳೆಯಲ್ಲಿ ಖಾಲಿ ಟ್ರೇಲರ್ ಇಟ್ಟುಕೊಂಡು ಕೊನೆಯ ಹಂತಕ್ಕೆ ಏರಿಸಿದರೆ ಆ ಚಕ್ರಗಳು ಜಾರಿ ಕ್ಯಾಬಿನ್ ಅಡ್ಡ ತಿರುಗುತ್ತದೆ. ಒದ್ದೆ ರಸ್ತೆಯಲ್ಲಿ ಒಂದೊಂದೇ ಹಂತ ಸಾಕು. ಸ್ವಂತ ಲಾರಿ ಕೊಳ್ಳುವಾಗ ರಿಟಾರ್ಡರ್ ಇರುವ ಗೇರ್‌ಬಾಕ್ಸನ್ನೇ ಆರಿಸಬೇಕು, ಎಲ್ಲದರಲ್ಲೂ ಅದು ಇರುವುದಿಲ್ಲ.

ಏರಿನಲ್ಲಿ ಹೇಳುವುದು ಕಡಿಮೆ. ಸುತ್ತು 1000ದಿಂದ 1500ರ ಒಳಗಿದ್ದರೆ ಎಂಜಿನ್ ಚೆನ್ನಾಗಿ ಎಳೆಯುತ್ತದೆ, ಡೀಸೆಲ್ಲೂ ಉಳಿಯುತ್ತದೆ. ಆಟೊಮ್ಯಾಟಿಕ್ ಗೇರ್ ಏರಿನ ಮಧ್ಯೆ ಮೇಲಿನ ಗೇರಿಗೆ ಹಾರಿ ಉಸಿರುಗಟ್ಟುತ್ತಿದ್ದರೆ ಕೈಯಿಂದ ಒಂದು ಗೇರ್ ಇಳಿಸಿ ಹಿಡಿದುಕೊಳ್ಳಿ. ಎಳೆಯುವ ಚಕ್ರ ಸುಮ್ಮನೆ ತಿರುಗಿ ಗಾಡಿ ಹೊರಡದಿದ್ದರೆ, ಎತ್ತಬಹುದಾದ ಆಕ್ಸಲ್ ಇರುವ ಲಾರಿಯಲ್ಲಿ ಅದನ್ನು ಎತ್ತಿ. ತೂಕ ಎಳೆಯುವ ಚಕ್ರದ ಮೇಲೆ ಬಂದು ಹಿಡಿತ ಸಿಗುತ್ತದೆ.

ಹಣದ ಬಗ್ಗೆ ಎರಡೇ ಮಾತು. ಶುರುವಿಗೆ ಸಾಲ ಮಾಡಿ ಲಾರಿ ಕೊಳ್ಳುವ ಆತುರ ಬೇಡ. ‘ಕ್ವಿಕ್ ಜಾಬ್’ ಎಂಬ ಬಗೆಯ ಕೆಲಸದಲ್ಲಿ ಲಾರಿ, ಡೀಸೆಲ್ ಎರಡೂ ಕಂಪನಿಯದೇ. ಮೊದಲ ಕೌಶಲ ಅಂಕಗಳನ್ನು ದೂರದ ಪ್ರಯಾಣಕ್ಕೆ ಹಾಕಿದರೆ ಉದ್ದದ ಬಾಡಿಗೆಗಳು ತೆರೆದುಕೊಳ್ಳುತ್ತವೆ. ತುರ್ತು ಲೋಡು ಒಪ್ಪಿಕೊಳ್ಳುವ ಮುಂಚೆ ಚಾಲಕನ ನಿದ್ದೆಯ ಮಟ್ಟ ನೋಡಿಕೊಳ್ಳಿ, ನಡುದಾರಿಯಲ್ಲಿ ಮಲಗಬೇಕಾದರೆ ಗಡುವು ಮೀರುತ್ತದೆ. ಇಂಗ್ಲಿಷ್ ಕಾಲುವೆ ದಾಟಿ ಬ್ರಿಟನ್ನಿಗೆ ಹೋದವರು ಇಳಿದ ಕ್ಷಣದಿಂದ ಎಡಬದಿಯಲ್ಲಿ ಓಡಿಸಬೇಕೆಂಬುದನ್ನು ಹೆಚ್ಚಾಗಿ ಮರೆಯುವುದು ಮೊದಲ ವೃತ್ತದಲ್ಲಿ.

ಕೊನೆಗೆ ರಿವರ್ಸ್. ಲೋಡು ತಲುಪಿಸಿದ ಮೇಲೆ ಕಷ್ಟದ ಜಾಗ, ಸುಲಭದ ಜಾಗ, ಬಿಟ್ಟುಬಿಡುವುದು ಎಂಬ ಆಯ್ಕೆಗಳು ಬರುತ್ತವೆ. ಬಿಟ್ಟರೆ ನಿಲ್ಲಿಸಿದ್ದಕ್ಕೆ ಸಿಗುವ ಅನುಭವದ ಅಂಕ ಇಲ್ಲ. ದಯವಿಟ್ಟು ಬಿಡಬೇಡಿ, ಆಟದ ಕೌಶಲವೆಲ್ಲ ಇರುವುದು ಈ ಐದು ನಿಮಿಷದಲ್ಲಿ. ಸ್ಟೇರಿಂಗ್ ಚಕ್ರವಿದ್ದರೆ ಕೈಯನ್ನು ಅದರ ಕೆಳತುದಿಯಲ್ಲಿ ಹಿಡಿಯಿರಿ. ಟ್ರೇಲರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಆ ಕಡೆಗೆ ಕೈ ಸರಿಸಿದರೆ ಮುಗಿಯಿತು, ಎಡ ಬಲದ ಗೊಂದಲವೇ ಇಲ್ಲ. ಕೀಬೋರ್ಡಿನವರಿಗೆ ಲೆಕ್ಕ ತಿರುಗಾಮುರುಗಾ: ಟ್ರೇಲರ್ ಎಡಕ್ಕೆ ಬೇಕಾದರೆ ಬಲಗೀಲಿ.

ಎಡಗಡೆ ಸೀಟಿನ ಲಾರಿಯಲ್ಲಿ ಸಾಧ್ಯವಾದಷ್ಟೂ ನಿಲ್ಲಿಸುವ ಜಾಗ ನಿಮ್ಮ ಎಡಕ್ಕೆ ಬರುವಂತೆ ಬನ್ನಿ, ಕಿಟಕಿಯಿಂದ ತಲೆ ಹಾಕಿ ನೋಡಬಹುದು. ಟ್ರೇಲರಿನ ಹಿಂಚಕ್ರ ಆ ಜಾಗವನ್ನು ದಾಟುವವರೆಗೆ ಮುಂದೆ ಹೋಗಿ, ಕ್ಯಾಬಿನ್ನನ್ನು ಬಲಕ್ಕೆ ಓರೆ ಮಾಡಿ ನಿಲ್ಲಿಸಿ. ರಿವರ್ಸ್ ಹಾಕಿ, ಬಲಕ್ಕೆ ತಿರುಗಿಸಿ, ನಡಿಗೆಯ ವೇಗದಲ್ಲಿ ಹಿಂದಕ್ಕೆ ಬನ್ನಿ. ಟ್ರೇಲರ್ ಎಡಕ್ಕೆ ಬಾಗಲು ಶುರುವಾದೊಡನೆ ಸ್ಟೇರಿಂಗನ್ನು ನೇರ ಮಾಡಿ, ನಂತರ ಎಡಕ್ಕೆ ತಂದು ಕ್ಯಾಬಿನ್ ಟ್ರೇಲರನ್ನು ಹಿಂಬಾಲಿಸಲಿ. ಹೊಸಬರ ತಪ್ಪು ಇಲ್ಲೇ: ಬಾಗು ಸಾಕಷ್ಟು ಆದ ಮೇಲೂ ಬಲಕ್ಕೇ ಹಿಡಿದಿರುತ್ತಾರೆ, ಕೋನ ಬೆಳೆಯುತ್ತಲೇ ಹೋಗಿ ಗಾಡಿ ಮಡಚುತ್ತದೆ. ಒಮ್ಮೆ ಆ ಮಟ್ಟಕ್ಕೆ ಹೋದರೆ ರಿವರ್ಸ್‌ನಲ್ಲೇ ಸರಿಪಡಿಸುವ ಹಟ ಬೇಡ. ಒಂದು ಲಾರಿಯಷ್ಟು ಮುಂದಕ್ಕೆ ಎಳೆದು ನೇರ ಮಾಡಿ ಮತ್ತೆ ಬನ್ನಿ, ಎಷ್ಟು ಸಲ ಎಳೆದರೂ ಅಂಕ ಹೋಗುವುದಿಲ್ಲ. ನೇರವಾಗಿ ಹಿಂದೆ ಬರುವಾಗ ಟ್ರೇಲರ್ ಯಾವ ಕನ್ನಡಿಯಲ್ಲಿ ದಪ್ಪಗೆ ಕಾಣುತ್ತದೋ ಆ ಕಡೆಗೇ ಸ್ಟೇರಿಂಗ್ ತುಸು ತಿರುಗಿಸಿದರೆ ಸಾಲಿಗೆ ಬರುತ್ತದೆ.

ಗಿಡ್ಡ ಟ್ರೇಲರ್ ಸುಲಭ ಎಂದು ಹಲವರು ಮೊದಲು ಅದನ್ನೇ ಆರಿಸುತ್ತಾರೆ. ನಿಜದಲ್ಲಿ ಅದು ಬೇಗ ಬಾಗಿ ಬೇಗ ಮಡಚುತ್ತದೆ, ಕಲಿಯಲು ಉದ್ದದ್ದೇ ವಾಸಿ. ಎರಡು ಟ್ರೇಲರಿನ ಜೋಡಿಯನ್ನು ಮಾತ್ರ ಮೊದಲ ತಿಂಗಳುಗಳಲ್ಲಿ ಮುಟ್ಟಬೇಡಿ. ಅದರಲ್ಲಿ ಬಾಗುವ ಕೀಲು ಒಂದಕ್ಕಿಂತ ಹೆಚ್ಚು, ಒಂದನ್ನು ನೇರ ಮಾಡುವಷ್ಟರಲ್ಲಿ ಇನ್ನೊಂದು ಸೊಟ್ಟಗಾಗಿರುತ್ತದೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ