ಬ್ರ್ಯಾಂಡ್ ಕೈ ಬದಲಾದರೆ ನಮಗೆ ಬರಬೇಕಾದ ಬಾಕಿ ಏನಾಗುತ್ತೆ? ಭಾನುವಾರ ಸಭೆ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10ಕ್ಕೆ ಮಂಡಿಪೇಟೆಯಲ್ಲಿ, ಯಾವಾಗಲೂ ಸೇರುವ ಜಾಗದಲ್ಲೇ ಸಭೆ ಇದೆ. ಕಿರಾಣಿ, ಬೇಕರಿ ಇಟ್ಟಿರುವವರು ತಪ್ಪದೆ ಬನ್ನಿ.

ಡಬ್ಬಿ ಮೇಲಿನ ಹೆಸರು ಹಾಗೇ ಇರುತ್ತೆ, ಒಡೆಯರು ಮಾತ್ರ ಬದಲಾಗಿರುತ್ತಾರೆ. ಥಮ್ಸ್ ಅಪ್ 1993ರಲ್ಲಿ ಪಾರ್ಲೆಯಿಂದ ಕೋಕಾ-ಕೋಲಾಕ್ಕೆ ಹೋಯಿತು. ಹಾರ್ಲಿಕ್ಸ್, ಬೂಸ್ಟ್ 2020ರ ಏಪ್ರಿಲ್‌ನಲ್ಲಿ ಹಿಂದೂಸ್ತಾನ್ ಯೂನಿಲಿವರ್ ಸೇರಿದವು. ಎಂಟಿಆರ್ ಪುಡಿ, ಮಿಕ್ಸ್‌ಗಳ ಕಂಪನಿಯನ್ನು 2007ರಲ್ಲೇ ನಾರ್ವೆಯ ಓರ್ಕ್ಲಾ ಕೊಂಡಿತು. ಲಾಲ್‌ಬಾಗ್ ಹತ್ತಿರದ ಎಂಟಿಆರ್ ಹೋಟೆಲ್ ಮಾತ್ರ ಮಯ್ಯರ ಮನೆಯವರದೇ. ಗಿರಾಕಿಗಳು ಇದನ್ನು ಕೇಳುತ್ತಿರುತ್ತಾರೆ, ಗೊತ್ತಿದ್ದರೆ ಒಳ್ಳೆಯದು ಅಲ್ವಾ.

ನಮಗೆ ಪೆಟ್ಟು ಬೀಳುವುದು ಒಡೆಯರ ಜೊತೆ ಡಿಸ್ಟ್ರಿಬ್ಯೂಟರ್ ಕೂಡ ಬದಲಾದಾಗ. ಹಳಬರು ಕಂಪನಿಯನ್ನು ತೋರಿಸುತ್ತಾರೆ, ಹೊಸಬರು ಹಳೇ ಬಿಲ್ಲು ನಮ್ಮದಲ್ಲ ಅನ್ನುತ್ತಾರೆ. ಎಕ್ಸ್‌ಪೈರಿ, ಡ್ಯಾಮೇಜ್ ಆದ ಸರಕಿಗೆ ವಾಪಸ್ ಬರಬೇಕಾದ ದುಡ್ಡು, ಸ್ಕೀಮ್ (ರಿಯಾಯಿತಿ) ದುಡ್ಡು ನಡುವೆ ಸಿಕ್ಕಿಹಾಕಿಕೊಳ್ಳುತ್ತೆ. ಸಣ್ಣ ಅಂಗಡಿಗೆ ಇದು ಸಣ್ಣ ಮೊತ್ತ ಅಲ್ಲ.

ಹಾಗಾಗಿ ಮಾರಾಟದ ಸುದ್ದಿ ಬಂದ ಕೂಡಲೇ ಬಾಕಿ ಕ್ಲೇಮ್‌ಗಳನ್ನೆಲ್ಲ ಹಳೇ ಡಿಸ್ಟ್ರಿಬ್ಯೂಟರ್‌ಗೆ ಬರೆದು ಕೊಡಿ, ಸಹಿ ಮತ್ತು ಸೀಲ್ ಹಾಕಿಸಿಕೊಳ್ಳಿ. ಸೇಲ್ಸ್‌ಮನ್ ಬಾಯಿಮಾತು ಸಾಲದು, ಕ್ರೆಡಿಟ್ ನೋಟ್ (ನಮಗೆ ಇಷ್ಟು ದುಡ್ಡು ಬರಬೇಕು ಅಂತ ಅವರು ಬರೆದು ಕೊಡುವ ಚೀಟಿ) ಕೇಳಿ. ಹಳೇ ಲೇಬಲ್ ಸ್ಟಾಕನ್ನು ಮುಂದಕ್ಕೆ ಇಟ್ಟು ಮೊದಲು ಮಾರಿ. ಕಂಪನಿ ಹೆಸರು ಬದಲಾಯಿತು ಅಂತ ಸರಕು ಕೆಡುವುದಿಲ್ಲ, ತಾರೀಖು ನೋಡಿದರೆ ಸಾಕು. ಹೊಸ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಬೇರೆ ಇರಬಹುದು, ನಿಮ್ಮ ಲೆಕ್ಕದವರಿಗೆ ತಿಳಿಸಿ.

ಸಭೆಗೆ ಬರುವಾಗ ಬಾಕಿ ಇರುವ ಬಿಲ್ಲುಗಳ ಜೆರಾಕ್ಸ್ ತನ್ನಿ. ಎಲ್ಲರದೂ ಸೇರಿಸಿ ಒಂದೇ ಪತ್ರ ಕೊಡೋಣ. ಬರುವವರು ಶುಕ್ರವಾರ ರಾತ್ರಿಯೊಳಗೆ ಅಂಗಡಿ ಹೆಸರು, ಬಾಕಿ ಮೊತ್ತ ಇಲ್ಲೇ ಹಾಕಿ. ಬರಲು ಆಗದವರು ಬಿಲ್ಲಿನ ಫೋಟೋ ಕಳಿಸಿದರೂ ಸರಿ.