ಸ್ಪಾ ಬಾಗಿಲಿಗೆ ಚಿಲಕ ಬೇಡ, ನಿಯಮ ಬೇಕು

ಸಂಪಾದಕರಿಗೆ ನಮಸ್ಕಾರ.

ನಗರದ ಮಸಾಜ್ ಪಾರ್ಲರೊಂದರ ಮೇಲೆ ಪೊಲೀಸರು ದಾಳಿ ಮಾಡಿದ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಹೆಣ್ಣುಮಕ್ಕಳನ್ನು ಇಟ್ಟುಕೊಂಡು ದಂಧೆ ಮಾಡುವವರನ್ನು ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವತ್ತು ಬೆಳಗ್ಗೆಯೇ ನಮ್ಮ ಸ್ಪಾ ಇರುವ ಕಟ್ಟಡದ ಮಾಲೀಕರ ಫೋನ್ ಬಂತು. ‘ನಿಮ್ದೂ ಅಂಥದ್ದೇ ಅಲ್ವಾ ಮೇಡಂ? ಬೇರೆ ಕಡೆ ನೋಡ್ಕೊಳ್ಳಿ’ ಅಂದರು. ಅವರ ಮನೆಯವರೇ ಸೊಂಟನೋವು ಅಂತ ನಮ್ಮಲ್ಲಿ ಎಣ್ಣೆ ಹಚ್ಚಿಸಿಕೊಂಡು ಹೋಗಿದ್ದಾರೆ. ಇರಲಿ.

ನಾನು ಮೈಸೂರಿನ ಬಡಾವಣೆಯೊಂದರಲ್ಲಿ ಚಿಕ್ಕದೊಂದು ಸ್ಪಾ ನಡೆಸುತ್ತೇನೆ. ಎರಡು ಕೋಣೆ, ಒಂದು ಸ್ಟೀಮ್ ಪೆಟ್ಟಿಗೆ, ಕೆಲಸಕ್ಕೆ ಮೂವರು ಹುಡುಗಿಯರು. ಇಂಥ ಜಾಗದಲ್ಲಿ ದಿನವೂ ಏನು ನಡೆಯುತ್ತೆ ಅಂತ ಬರೆಯುವವರು ಕಡಿಮೆ, ಅದಕ್ಕೇ ಈ ಪತ್ರ.

ಮೊಂಬತ್ತಿ, ಬುದ್ಧನ ಗೊಂಬೆ, ಕೊಳಲಿನ ಸಂಗೀತ ಇದ್ದರೆ ಸ್ಪಾ ಆಯಿತು ಅಂತ ಜನ ತಿಳಿದಿದ್ದಾರೆ. ಅವೆಲ್ಲ ಅಂಗಡಿಯಲ್ಲಿ ಸಿಗುತ್ತವೆ. (ಕೊಳಲು ಯೂಟ್ಯೂಬಿನ ಪುಕ್ಕಟೆಯದಾದರೆ, ಕಣ್ಣು ಮುಚ್ಚಿಕೊಳ್ಳುವ ಹೊತ್ತಿಗೆ ಸರಿಯಾಗಿ ಸಾಲ ಕೊಡುವ ಆ್ಯಪಿನ ಜಾಹೀರಾತು ಕಿರುಚುತ್ತೆ.) ಬಂದವರು ಬಾಯಿಬಿಟ್ಟು ಹೇಳದಿದ್ದರೂ ಮೊದಲು ನೋಡುವುದು ಟವೆಲ್. ಎಣ್ಣೆ ಕುಡಿದ ಟವೆಲನ್ನು ತಣ್ಣೀರಲ್ಲಿ ಒಗೆದರೆ ಎಣ್ಣೆ ಬಿಡುವುದಿಲ್ಲ. ಕೆಲವೇ ದಿನಕ್ಕೆ ಕಮಟು ಹಿಡಿಯುತ್ತೆ. ಆಮೇಲೆ ಎಷ್ಟು ಲ್ಯಾವೆಂಡರ್ ಹೊಡೆದರೂ ಅಷ್ಟೇ. ನಾವು ವಾಷಿಂಗ್ ಸೋಡಾ ಹಾಕಿದ ಬಿಸಿನೀರಲ್ಲಿ ನೆನೆಸಿ, ಒಗೆದು, ಬಿಸಿಲಿಗೆ ಹರವುತ್ತೇವೆ. ಡ್ರೈಯರಿನಿಂದ ತೆಗೆದ ಬಿಸಿ ಟವೆಲನ್ನು ಹಾಗೇ ಒಂದರ ಮೇಲೊಂದು ಒಟ್ಟುವುದಂತೂ ಬೇಡವೇ ಬೇಡ. ಉಳಿದ ಎಣ್ಣೆ ಒಳಗೊಳಗೇ ಕಾದು ತಾನಾಗಿ ಬೆಂಕಿ ಹತ್ತಿಕೊಳ್ಳುವುದುಂಟು.

ಆಮೇಲೆ ಎಣ್ಣೆ. ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ, ಮಣಿಕಟ್ಟಿನ ಒಳಭಾಗಕ್ಕೆ ಒಂದು ತೊಟ್ಟು ಬಿಟ್ಟು ನೋಡಬೇಕು. ಬಟ್ಟೆಯಿಲ್ಲದ ಮೈಗೆ ಎಸಿ ಗಾಳಿ ಬೇಗ ಚಳಿ ಹುಟ್ಟಿಸುತ್ತೆ, ಚಳಿಯಾದರೆ ಮೈ ಸೆಟೆದುಕೊಳ್ಳುತ್ತೆ, ಇನ್ನೆಲ್ಲಿಯ ಮಸಾಜು? ಅದಕ್ಕೇ ಮೈಯೆಲ್ಲ ಬಟ್ಟೆ ಹೊದಿಸಿ, ಯಾವ ಕೈ ಅಥವಾ ಕಾಲಿಗೆ ಎಣ್ಣೆ ಹಚ್ಚುತ್ತೇವೋ ಅಷ್ಟನ್ನೇ ಹೊರಗಿಡುತ್ತೇವೆ. ಮಲಗಿದವರ ಮಾನಕ್ಕೂ ಅದೇ ಸರಿ. ಎಲ್ಲ ಮುಗಿದು ಟೇಬಲ್ ಇಳಿಯುವ ಹೊತ್ತು ಇನ್ನೂ ಮುಖ್ಯ. ಎಣ್ಣೆಗಾಲು ಟೈಲ್ಸ್ ಮೇಲೆ ಬಿದ್ದರೆ ಸೊಂಟ ಮುರಿಯಿತು ಅಂತಲೇ ಅರ್ಥ. ಮೊದಲು ಅಂಗಾಲು ಒರೆಸಿ, ಕೆಳಗೆ ಮ್ಯಾಟ್ ಹಾಕಿ, ಒಂದು ನಿಮಿಷ ಕೂರಿಸಿ, ಆಮೇಲೆ ಇಳಿಸಬೇಕು.

ಬಂದ ಕೂಡಲೇ ಯಾರನ್ನೂ ಮಲಗಿಸುವುದಿಲ್ಲ. ಜ್ವರ ಇದೆಯಾ, ಬಿಪಿ ಇದೆಯಾ, ಊಟ ಮಾಡಿ ಎಷ್ಟು ಹೊತ್ತಾಯಿತು, ಬಸುರಿಯಾ, ಎಲ್ಲ ಕೇಳಿ ಬರೆದುಕೊಳ್ಳುತ್ತೇವೆ. ಒಂದೇ ಕಾಲಿನ ಮೀನಖಂಡ ಊದಿದೆ, ಮುಟ್ಟಿದರೆ ನೋವು ಅಂದರೆ ನಾವು ಕೈ ಹಚ್ಚುವುದಿಲ್ಲ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಅದು ಕದಲಿ ಶ್ವಾಸಕೋಶಕ್ಕೆ ಹೋಗಬಹುದು. ‘ಮೊದಲು ಡಾಕ್ಟರಿಗೆ ತೋರಿಸಿ ಬನ್ನಿ’ ಅಂದರೆ ಕೆಲವರು ಸಿಟ್ಟಾಗಿ ಎದ್ದು ಹೋಗುತ್ತಾರೆ. ಹೋಗಲಿ.

ಹುಡುಗಿಯರ ಕೈಯೂ ನೋಡಬೇಕಲ್ಲ. ಹೆಬ್ಬೆರಳು, ಮಣಿಕಟ್ಟು ಹಾಳಾದರೆ ಈ ಕೆಲಸ ಮುಗಿಯಿತು. ದಿನಕ್ಕೆ ಐದು ಜನಕ್ಕಿಂತ ಹೆಚ್ಚಿಗೆ ಒಬ್ಬಳಿಗೆ ಕೊಡುವುದಿಲ್ಲ, ನಡುವೆ ಬಿಡುವು ಇರಲೇಬೇಕು. ಟೇಬಲ್ ಎತ್ತರ ಅವಳ ಎತ್ತರಕ್ಕೆ ಸರಿಯಾಗಿರಬೇಕು. ಬರೀ ಕಮಿಷನ್ ಮೇಲೆ ದುಡಿಸುವ ಕಡೆ ಅವಸರ ಜಾಸ್ತಿ, ಆ ಅವಸರ ಮಲಗಿದವರ ಬೆನ್ನಿಗೆ ಗೊತ್ತಾಗುತ್ತೆ. ನಮ್ಮಲ್ಲಿ ಒಬ್ಬಳು ಮಿಜೋರಾಂನವಳು. ದಾಳಿಯ ಸುದ್ದಿ ಬಂದಾಗೆಲ್ಲ ಅವಳ ಪಿ.ಜಿ.ಯಲ್ಲಿ ಪ್ರಶ್ನೆ ಶುರುವಾಗುತ್ತೆ. ತರಬೇತಿ ಪಡೆದು ಸರ್ಟಿಫಿಕೇಟ್ ತಂದಿರುವ ಹುಡುಗಿ ಅವಳು. ಈ ಕ್ಷೇತ್ರದ ಕೌಶಲ ತರಬೇತಿ ನೋಡಿಕೊಳ್ಳುವ ಬ್ಯೂಟಿ ಅಂಡ್ ವೆಲ್‌ನೆಸ್ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನಲ್ಲಿ ಸ್ಪಾ ಥೆರಪಿಸ್ಟ್ ಅಂತಲೇ ಒಂದು ಕೋರ್ಸ್ ಇದೆ, ಎಷ್ಟು ಜನಕ್ಕೆ ಗೊತ್ತು?

ದೆಹಲಿ ಸರ್ಕಾರ 2021ರಲ್ಲಿ ಸ್ಪಾಗಳಿಗೆ ನಿಯಮ ಮಾಡಿತು. ಕೋಣೆಗೆ ಒಳಗಿಂದ ಚಿಲಕ ಇರಬಾರದು, ಥೆರಪಿಸ್ಟ್‌ಗಳಿಗೆ ಸರ್ಟಿಫಿಕೇಟ್ ಬೇಕು ಅಂತೆಲ್ಲ ಅದರಲ್ಲಿತ್ತು. ಗಂಡಸರಿಗೆ ಹೆಂಗಸರು, ಹೆಂಗಸರಿಗೆ ಗಂಡಸರು ಮಸಾಜ್ ಮಾಡಬಾರದು ಅಂತಲೂ ಇತ್ತು. ಈ ಕೊನೆಯ ನಿಯಮಕ್ಕೆ ಅದೇ ವರ್ಷ ಡಿಸೆಂಬರಿನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. ಕೊಟ್ಟಿದ್ದು ಸರಿ ಅನ್ನುವುದು ನನ್ನ ಅಭಿಪ್ರಾಯ. ಫಿಸಿಯೋಥೆರಪಿಯಲ್ಲಿ ಇಲ್ಲದ ಮಡಿ ನಮಗೇಕೆ? ಯಾರು ಬೇಕು ಅಂತ ಬಂದವರು ಹೇಳಲಿ, ಯಾರಿಗೆ ಮಾಡಲ್ಲ ಅಂತ ಹುಡುಗಿಯರೂ ಹೇಳಲಿ. ಆದರೆ ಚಿಲಕದ ನಿಯಮ ಬಹಳ ಒಳ್ಳೆಯದು. ನಮ್ಮ ಕೋಣೆಗಳಿಗೂ ಚಿಲಕವಿಲ್ಲ. ಪರದೆ ಇದೆ, ಬಾಗಿಲು ತಟ್ಟಿ ಒಳಗೆ ಬರುವ ಅಭ್ಯಾಸವಿದೆ. ದರಪಟ್ಟಿ ಗೋಡೆಯ ಮೇಲಿದೆ.

2025ರ ಸೆಪ್ಟೆಂಬರ್ 22ರಿಂದ ಸಲೂನು, ಜಿಮ್ಮು, ಯೋಗ ಕೇಂದ್ರಗಳ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ನಮ್ಮ ಕೆಲಸವೂ ಅದೇ ಸಾಲಿನಲ್ಲಿದೆ. ತೆರಿಗೆ ಹಾಕುವಾಗ ನಾವು ಸಲೂನಿನ ಜೊತೆ, ಅನುಮಾನ ಪಡುವಾಗ ಮಾತ್ರ ಬೇರೆ ಯಾರದೋ ಜೊತೆ!

ಹಾಗಾಗಿ ಪಾಲಿಕೆಯವರಲ್ಲಿ ಕೇಳುವುದಿಷ್ಟು. ಸ್ಪಾಗಳಿಗೆ ಸ್ಪಷ್ಟವಾದ ಷರತ್ತು ಹಾಕಿ ಉದ್ದಿಮೆ ಪರವಾನಗಿ ಕೊಡಿ. ಆ ಪ್ರತಿಯನ್ನು ಬಾಗಿಲಲ್ಲೇ ಅಂಟಿಸಲು ಹೇಳಿ. ತಪಾಸಣೆಗೆ ಹೇಳದೆ ಕೇಳದೆ ಬನ್ನಿ, ಬೇಕಾದರೆ ಟವೆಲನ್ನೂ ಮೂಸಿ ನೋಡಿ. ನಿಮ್ಮ ವರದಿಗಾರರಲ್ಲೂ ಒಂದು ಮನವಿ: ಮುಂದಿನ ದಾಳಿಯ ಸುದ್ದಿ ಬರೆಯುವಾಗ ಆ ಜಾಗಕ್ಕೆ ಪರವಾನಗಿ ಇತ್ತಾ, ಇದ್ದರೆ ಕೊಟ್ಟವರು ಯಾವಾಗಲಾದರೂ ಹೋಗಿ ನೋಡಿದ್ದರಾ ಅಂತ ಕೇಳಿ, ಅದನ್ನೂ ಬರೆಯಿರಿ.

– ಸ್ಪಾ ನಡೆಸುವ ಓದುಗರೊಬ್ಬರು, ಮೈಸೂರು