ಬಿಲ್ಲಿನಲ್ಲಿ ಹಲ್ಲಿನ ಲೆಕ್ಕವೂ ಇರಲಿ

ಮಾನ್ಯರೇ,

ನಾನು 31 ವರ್ಷ ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತನಾದವನು. ಊರು ತೀರ್ಥಹಳ್ಳಿ. ಮಗಳು ಮಣಿಪಾಲದಲ್ಲಿ ಕೆಲಸದಲ್ಲಿದ್ದಾಳೆ. ಅವಳ ಹತ್ತಿರ ಕೆಟಿಎಂ ಆರ್‌ಸಿ 390 ಬೈಕ್ ಇದೆ. ಎರಡು ವಾರಕ್ಕೊಮ್ಮೆ ಆಗುಂಬೆ ಘಾಟಿ ಹತ್ತಿ ಮನೆಗೆ ಬರುತ್ತಾಳೆ. ಹೋದ ತಿಂಗಳು ಹಾಗೆ ಬರುವಾಗ ಘಾಟಿಯ ಒಂದು ತಿರುವಿನಲ್ಲಿ ಚೈನ್ ಕಳಚಿಬಿತ್ತು. ಎಂಜಿನ್ ಓಡುತ್ತಿದೆ, ಗಾಡಿ ಮಾತ್ರ ಮುಂದೆ ಹೋಗುತ್ತಿಲ್ಲ. ಹಿಂದೆಯೇ ಮಿನಿ ಬಸ್ಸು. ಅದರ ಡ್ರೈವರ್ ತಕ್ಷಣ ಬ್ರೇಕ್ ಹಾಕಿದ್ದರಿಂದ ಮಗಳು ಉಳಿದಳು. ಅವರು ಯಾರೋ ನನಗೆ ಗೊತ್ತಿಲ್ಲ. ಅವರು ಈ ಪತ್ರ ಓದಿದರೆ, ನನ್ನ ಕೈಮುಗಿದ ನಮಸ್ಕಾರ ಅವರಿಗೆ.

"ಅಪ್ಪಯ್ಯ, ಎರಡು ತಿಂಗಳ ಹಿಂದಷ್ಟೇ ಹೊಸ ಚೈನ್ ಸೆಟ್ ಹಾಕಿಸಿದ್ದೆ" ಎಂದಳು ಫೋನಿನಲ್ಲಿ. ಗಾಡಿಯನ್ನು ಟೆಂಪೊದಲ್ಲಿ ಮನೆಗೆ ತಂದು, ಅಂಗಳದಲ್ಲಿ ನಿಲ್ಲಿಸಿ ಬಿಚ್ಚಿದೆ.

ಮೊದಲು ಮುಂದಿನ ಸ್ಪ್ರಾಕೆಟ್, ಅಂದರೆ ಚೈನ್ ಕೂರುವ ಹಲ್ಲಿನ ಚಕ್ರ. ಒಂದು ಹಲ್ಲಿಗೆ ಚಾಕ್‌ಪೀಸ್ ಗುರುತು ಹಾಕಿ ಎಣಿಸಿದೆ. 14. ತಪ್ಪಿರಬೇಕು ಅಂತ ಮತ್ತೆ ಎಣಿಸಿದೆ. 14 ಹಲ್ಲೇ. ಈ ಗಾಡಿಗೆ ಕಂಪನಿ ಕೊಡುವುದು ಮುಂದೆ 15, ಹಿಂದೆ 45. ಚೈನ್ ಹಾಕಿದ ಅಂಗಡಿಗೆ ಫೋನ್ ಮಾಡಿ ಕೇಳಿದೆ. "ಪಿಕಪ್ ಚೆನ್ನಾಗಿರ್ಲಿ ಅಂತ ಹಾಕಿದ್ವಿ ಸಾರ್, ಎಲ್ಲರಿಗೂ ಹೀಗೇ ಹಾಕ್ತೀವಿ" ಎಂದರು. ಗಾಡಿ ಓಡಿಸುವವಳನ್ನು ಒಂದು ಮಾತು ಕೇಳಿರಲಿಲ್ಲ.

ಪಿಕಪ್ ಬರುವುದು ನಿಜ. ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಸಲೀಸಾಗಿ ಎಳೆಯುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸುಮ್ನೆ ಬಂದಿದ್ದಲ್ಲ ಅದು. ಮುಂದೆ ಒಂದು ಹಲ್ಲು ಕಡಿಮೆ ಮಾಡಿದರೆ ಹಿಂದೆ ಮೂರು ಹಲ್ಲು ಜಾಸ್ತಿ ಮಾಡಿದ ಹಾಗೆ. ಅದೇ ಸ್ಪೀಡಿಗೆ ಮೊದಲು ಎಂಜಿನ್ ನಿಮಿಷಕ್ಕೆ 7,000 ಸುತ್ತು ತಿರುಗುತ್ತಿದ್ದರೆ ಈಗ 7,500 ತಿರುಗಬೇಕು. ಉಡುಪಿ ಕಡೆಯ ಹೈವೇಯಲ್ಲಿ ಗಾಡಿ ಯಾಕೋ ಕಿರುಚುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ ಅಂತ ಮಗಳು ಎರಡು ತಿಂಗಳಿಂದ ಹೇಳುತ್ತಲೇ ಇದ್ದಳು. ಕಾರಣ ಈ ಒಂದು ಹಲ್ಲು. ಸ್ಪ್ರಾಕೆಟ್ ಚಿಕ್ಕದಾದಷ್ಟೂ ಚೈನಿನ ಪ್ರತಿ ಕೊಂಡಿ ಜಾಸ್ತಿ ಬಗ್ಗಿ ತಿರುಗಬೇಕು. ಹಾಗಾಗಿ ಚೈನ್ ಕೂಡ ಬೇಗ ಸವೆಯುತ್ತದೆ.

ದಿನವೂ ಬೆಟ್ಟ ಹತ್ತುವವರು 14 ಹಾಕಿಸಿಕೊಳ್ಳಲಿ. ಉದ್ದ ಹೈವೇಯಲ್ಲೇ ಓಡಿಸುವವರಿಗೆ ಕಂಪನಿಯ ಲೆಕ್ಕವೇ ಒಳ್ಳೆಯದು. ಆದರೆ ಅದು ಗಾಡಿ ಓಡಿಸುವವರು ತಿಳಿದು ಆರಿಸಬೇಕಾದ ವಿಷಯ ಅಲ್ವಾ?

ಹಿಂದಿನ ಸ್ಪ್ರಾಕೆಟ್ ನೋಡಿದಾಗ ಇನ್ನೂ ಬೇಸರವಾಯಿತು. ಅದನ್ನು ಬದಲಿಸಿಯೇ ಇರಲಿಲ್ಲ. ಹಲ್ಲುಗಳು ಒಂದೇ ಕಡೆಗೆ ಬಾಗಿ ಕೊಕ್ಕೆಯ ಹಾಗೆ ಆಗಿದ್ದವು. ಬೆರಳು ಸವರಿದರೆ ತುದಿ ಚುಚ್ಚುತ್ತಿತ್ತು. ಸವೆದ ಹಲ್ಲಿನ ಮೇಲೆ ಹೊಸ ಚೈನ್ ಸರಿಯಾಗಿ ಕೂರುವುದಿಲ್ಲ. ಹಳೆ ಚೈನ್ ಹಿಗ್ಗಿದ ಅಳತೆಗೆ ಆ ಹಲ್ಲುಗಳು ಸವೆದಿರುತ್ತವೆ. ಹೊಸ ಚೈನಿನ ಅಳತೆ ಬೇರೆ. ಎರಡಕ್ಕೂ ಹೊಂದದೆ ಹೊಸದೂ ಹಾಳಾಗುತ್ತದೆ. ಈ ಗಾಡಿಯದು 520 ನಂಬರಿನ ಅಳತೆಯ ಚೈನ್. ಅದರಲ್ಲಿ 20 ಕೊಂಡಿಯ ಉದ್ದ ಹೊಸದಿದ್ದಾಗ 317.5 ಮಿ.ಮೀ. ಸುಮಾರು 323 ದಾಟಿದರೆ ಬದಲಿಸಬೇಕು. ಎರಡೇ ತಿಂಗಳ ಚೈನನ್ನು ಎಳೆದು ಹಿಡಿದು ಅಳೆದರೆ 321 ಬಂತು. ಅರ್ಧಕ್ಕಿಂತ ಹೆಚ್ಚು ಆಯಸ್ಸು ಆಗಲೇ ಮುಗಿದಿತ್ತು.

ಚೈನ್ ಬಿಚ್ಚಿಕೊಂಡದ್ದು ಲಾಕಿನ ಹತ್ತಿರ, ಅಂದರೆ ಅದರ ಎರಡು ತುದಿ ಸೇರಿಸುವ ಕೊಂಡಿಯಲ್ಲಿ. ಇಷ್ಟು ಶಕ್ತಿಯ ಗಾಡಿಗೆ ರಿವಿಟ್ ಹೊಡೆಯುವ, ಅಂದರೆ ಪಿನ್ನಿನ ತುದಿ ಒತ್ತಿ ಅಗಲಿಸಿ ಕಾಯಂ ಕೂರಿಸುವ ಕೊಂಡಿ ಹಾಕಬೇಕು. ಅದಕ್ಕೆ ಬೇರೆ ಟೂಲ್ ಬೇಕು, ಸಮಯವೂ ಹಿಡಿಯುತ್ತದೆ. ಸಣ್ಣ ಬೈಕಿಗೆ ಹಾಕುವ ಹಾಗೆ ಕ್ಲಿಪ್ ಲಾಕ್ ಒತ್ತಿ ಕಳಿಸಿದ್ದರು. ಚೈನ್ ಓಡುವ ದಿಕ್ಕಿಗೆ ಆ ಕ್ಲಿಪ್ಪಿನ ಮುಚ್ಚಿದ ತುದಿ ಇರಬೇಕು, ಬಾಯಿ ಹಿಂದಕ್ಕಿರಬೇಕು. ಇಲ್ಲಿ ಹೇಗೆ ಹಾಕಿದ್ದರೋ, ಕ್ಲಿಪ್ ಘಾಟಿಯಲ್ಲೇ ಉದುರಿಹೋಗಿತ್ತು. ಚೈನ್ ಮುಂದಿನ ಸ್ಪ್ರಾಕೆಟ್ಟಿನ ಕವರಿಗೆ ಬಡಿದು ಕವರ್ ಸೀಳಿದೆ. ಎಂಜಿನ್ ಕೇಸಿಗೆ ಬಡಿದಿದ್ದರೆ ಆಯಿಲ್ ಪೂರ್ತಿ ರಸ್ತೆಗೆ ಸುರಿಯುತ್ತಿತ್ತು. ಚಕ್ರಕ್ಕೆ ಸಿಕ್ಕಿಕೊಂಡಿದ್ದರೆ ಏನಾಗುತ್ತಿತ್ತು ಎಂಬುದನ್ನು ಬರೆಯಲು ಕೈ ಬರುವುದಿಲ್ಲ.

ಬಿಲ್ಲಿನಲ್ಲಿ ಏನಿತ್ತು ಗೊತ್ತೇ? "ಚೈನ್ ಸೆಟ್ - 1". ಅಷ್ಟೇ. ಸೆಟ್ ಅಂದರೆ ಮೂರೂ: ಚೈನ್, ಮುಂದಿನದು, ಹಿಂದಿನದು. ದುಡ್ಡು ಮೂರಕ್ಕೂ ತೆಗೆದುಕೊಂಡು ಹಾಕಿದ್ದು ಎರಡು.

ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ. ಹೀಗೆ ಅರ್ಧಂಬರ್ಧ ಬಿಲ್ ಕೊಟ್ಟರೆ ಕೊಟ್ಟೂ ಏನು ಪ್ರಯೋಜನ? ಮುಂದೆ ಎಷ್ಟು ಹಲ್ಲು, ಹಿಂದೆ ಎಷ್ಟು, ಚೈನಿನ ನಂಬರ್ ಏನು, ಎಷ್ಟು ಕೊಂಡಿ, ಲಾಕೋ ರಿವಿಟ್ಟೋ, ಇಷ್ಟನ್ನು ಬರೆಯಲು ಒಂದು ಸಾಲು ಸಾಕು. ಬಿಚ್ಚಿದ ಹಳೆ ಸ್ಪ್ರಾಕೆಟ್‌ಗಳನ್ನು ಗಿರಾಕಿಯ ಕೈಗೇ ಕೊಡಲಿ. ಜಿಲ್ಲೆಯ ಗ್ಯಾರೇಜ್ ಮಾಲೀಕರು ಕೂತು ಮಾತಾಡಿ ಇದನ್ನು ರೂಢಿಗೆ ತರಬೇಕು ಅಂತ ಕೇಳಿಕೊಳ್ಳುತ್ತೇನೆ. ಚೊಕ್ಕವಾಗಿ ಕೆಲಸ ಮಾಡುವ ಹುಡುಗರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಇದು ಕಷ್ಟವೇ ಅಲ್ಲ.

ನಿಮ್ಮ ಪತ್ರಿಕೆಯಲ್ಲೂ ಹೊಸ ಬೈಕು ಬಂದಾಗ ಬೆಲೆ, ಟಾಪ್ ಸ್ಪೀಡ್ ಬರೆಯುತ್ತೀರಿ. ಅದರ ಜೊತೆಗೆ ಸ್ಪ್ರಾಕೆಟ್ ಹಲ್ಲಿನ ಲೆಕ್ಕ, ಚೈನ್ ನಂಬರ್ ಕೂಡ ಹಾಕಿ. ಮಳೆಗಾಲಕ್ಕೆ ಮುಂಚೆ ಚೈನ್ ಬಗ್ಗೆ ಒಂದು ಪುಟ ಕೊಟ್ಟರೆ ಮಲೆನಾಡಿನವರಿಗೆ ಬಹಳ ಉಪಕಾರ. ನಮ್ಮ ಮಳೆ ಹಚ್ಚಿದ ಎಣ್ಣೆಯನ್ನು ಒಂದೇ ದಿನದಲ್ಲಿ ತೊಳೆದುಬಿಡುತ್ತದೆ. ಎಷ್ಟೋ ಜನ ಚೈನನ್ನು ಪೆಟ್ರೋಲಿನಲ್ಲಿ, ತಂತಿ ಬ್ರಷ್ಷಿನಲ್ಲಿ ತಿಕ್ಕುತ್ತಾರೆ. ಅದರಿಂದ ಒಳಗಿನ ರಬ್ಬರ್ ರಿಂಗ್ ಹಾಳಾಗುತ್ತದೆ. ಸೀಮೆಎಣ್ಣೆ, ಮೆತ್ತನೆ ಬ್ರಷ್, ಆಮೇಲೆ 90 ನಂಬರ್ ಗೇರ್ ಆಯಿಲ್ ಸಾಕು.

ಮಗಳ ಗಾಡಿಗೆ ಈಗ 15, 45, ರಿವಿಟ್ ಹೊಡೆದ 520 ಚೈನ್ ಹಾಕಿಸಿದ್ದೇವೆ. ರಿವಿಟ್ ಹೊಡೆಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ.

- ನಿವೃತ್ತ ಮೆಕ್ಯಾನಿಕ್, ತೀರ್ಥಹಳ್ಳಿ